ಬಲಗಡೆಯ ಬಾಗಿಲು

ಹೋದ ತಿಂಗಳು ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಔಷಧಿ ಕೊಳ್ಳಲು ನಿಂತಿದ್ದೆ. ಇದ್ದಕ್ಕಿದ್ದಂತೆ ಬೇವಿನೆಣ್ಣೆಯ ವಾಸನೆ ಬಂತು. ಬರೀ ಬೇವಿನೆಣ್ಣೆಯಾಗಿದ್ದರೆ ಔಷಧಿ ಅಂಗಡಿಯದೇ ಇರಬೇಕು ಅಂದುಕೊಳ್ಳುತ್ತಿದ್ದೆ. ಅದರೊಳಗೆ ಒದ್ದೆ ಹಲಗೆ ಇತ್ತು, ತುಳಿದ ಜೋಳದ ಕಣಿಕೆ ಇತ್ತು, ಕುದುರೆಯ ಬೆವರೂ ಇತ್ತು. ಮಧ್ಯಾಹ್ನ ಮೂರರ ಬಿಸಿಲು. ಎದುರಿಗೆ ಮೊಬೈಲ್ ಅಂಗಡಿ, ಪಕ್ಕದಲ್ಲಿ ಸೀರೆ ಅಂಗಡಿ, ಮೇಲೊಂದು ಟ್ಯೂಷನ್ ಕ್ಲಾಸು. ಕುದುರೆ ಮಾತ್ರ ಕಣ್ಣು ಹಾಯುವಷ್ಟು ದೂರ ಎಲ್ಲಿಯೂ ಇರಲಿಲ್ಲ. ನಾನು ನಿಂತ ಜಾಗ ಯಾವುದು ಎಂದು ಆಮೇಲೆ ಹೊಳೆಯಿತು. ನಲವತ್ತೈದು ವರ್ಷಗಳ ಹಿಂದೆ ಅಲ್ಲಿ ನಮ್ಮ ಗುರಪ್ಪಮಾವನ ಕುದುರೆ ಲಾಯದ ಗೇಟು ಇತ್ತು.

ಔಷಧಿಯ ಚೀಲ ಹಿಡಿದು ಕಾರಿಗೆ ಬಂದೆ. ಮನೆ ಮುಟ್ಟಿ, ಕಾರು ನಿಲ್ಲಿಸಿ ಇಳಿದು, ಯಾವಾಗಲೂ ಮಾಡುವ ಹಾಗೆ ಹಿಂದಿನ ಬಲಗಡೆಯ ಬಾಗಿಲು ತೆಗೆದು, ಸ್ವಲ್ಪ ಹೊತ್ತು ನಿಂತು, ಮುಚ್ಚಿದೆ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಮದುವೆಯಾದಾಗಿನಿಂದ ಹೆಂಡತಿ ಇದನ್ನು ನೋಡುತ್ತ ಬಂದಿದ್ದಾಳೆ. "ಯಾರ್ನ ಇಳಸಾಕತ್ತೀರಿ?" ಎಂದು ಮೊದಮೊದಲು ನಗುತ್ತಿದ್ದಳು, ಆಮೇಲೆ ಬೈದಳು, ಈಗ ಬಿಟ್ಟುಬಿಟ್ಟಿದ್ದಾಳೆ. ವಯಸ್ಸಾದದ್ದರ ಲಾಭ ಇದೊಂದೇ. ಏನು ಮಾಡಿದರೂ ಜನ ಮರೆವು ಅಂದುಕೊಂಡು ಸುಮ್ಮನಾಗುತ್ತಾರೆ. ನನಗೆ ಮರೆವಲ್ಲ, ನೆನಪು.

ಎಪ್ಪತ್ತೆಂಟನೇ ಇಸವಿ ಮುಗಿದು ಎಪ್ಪತ್ತೊಂಬತ್ತು ಹತ್ತುವ ಚಳಿಗಾಲ ಅದು. ನನಗೆ ಇಪ್ಪತ್ತೆರಡು. ಅಪ್ಪನದು ಒಣಮೆಣಸಿನಕಾಯಿ ವ್ಯಾಪಾರ. ಅಂಗಡಿಯಲ್ಲಿ ಕೂತರೆ ನನಗೆ ಹತ್ತು ನಿಮಿಷಕ್ಕೊಮ್ಮೆ ಸೀನು. ಗಿರಾಕಿಗಳ ಮುಂದೆ ಸೀನಿ ಸೀನಿ ಕಣ್ಣೀರಿಡುವ ಮಗನನ್ನು ನೋಡಿ ಅಪ್ಪನಿಗೇ ಸಾಕಾಗಿ, "ಹೋಗು, ನಿಮ್ಮ ಮಾವನ ಕುದುರಿ ಲದ್ದಿ ಬಳಿಯಾಕ ಹೋಗು" ಎಂದು ನನ್ನ ತಾಯಿಯ ತಮ್ಮನ ಹತ್ತಿರ ಅಟ್ಟಿದ. ಗುರಪ್ಪಮಾವ ಮದುವೆ ಮೆರವಣಿಗೆಗಳಿಗೆ ಕುದುರೆ ಕಳಿಸುವವನು. ಅವನ ಹತ್ತಿರ ಐದು ಕುದುರೆ, ಮಿಲಿಟರಿ ಹರಾಜಿನಲ್ಲಿ ಹಿಡಿದ ಒಂದು ಜೀಪು, ಮತ್ತು ಆ ಮಳೆಗಾಲದಲ್ಲಿ ಅಕ್ಕಲಕೋಟೆಯ ಹಳೇ ಲಾಯವೊಂದರಿಂದ ತಂದ ಟ್ರೇಲರು ಇದ್ದವು.

ಕುದುರೆ ಸಾಗಿಸಲೆಂದೇ ಮಾಡಿಸಿದ ಟ್ರೇಲರು. ಹದಿನಾರು ಅಡಿ ಉದ್ದ, ನಾಲ್ಕು ಗಾಲಿ, ತಗಡಿನ ಮೈ, ಹಲಗೆಯ ನೆಲ. ಮುಂದಿನ ಭಾಗದಲ್ಲಿ ಮೇವು, ಜೀನು ಇಡಲು ಒಂದು ಕೋಣೆ. ಹಿಂದಿನ ಭಾಗದ ನಟ್ಟನಡುವೆ ಅಡ್ಡಹಲಗೆ ಹಾಕಿ ಎಡಕ್ಕೊಂದು, ಬಲಕ್ಕೊಂದು ಕುದುರೆ ನಿಲ್ಲುವಷ್ಟು ಖಣ ಮಾಡಿದ್ದರು. ಎರಡು ಖಣಕ್ಕೂ ಹಿಂದುಗಡೆ ಬೇರೆ ಬೇರೆ ಬಾಗಿಲು. ಕುದುರೆ ಇಳಿಯುವ ಇಳಿಜಾರು ಹಲಗೆ ಯಾವತ್ತೋ ಮುರಿದು ಹೋಗಿತ್ತು. ಹೀಗಾಗಿ ಎಲ್ಲಿಗೇ ಹೋದರೂ ಅಲ್ಲಿ ಒಂದು ಕಟ್ಟೆ ಹುಡುಕಿ, ಟ್ರೇಲರಿನ ಬೆನ್ನನ್ನು ಅದಕ್ಕೆ ಹಚ್ಚಿ ನಿಲ್ಲಿಸಿದರೆ ಮಾತ್ರ ಕುದುರೆ ಇಳಿಯುವುದು. ಹುಳ ಹಿಡಿಯದಿರಲೆಂದು ನೆಲದ ಹಲಗೆಗೆ ಬೇವಿನೆಣ್ಣೆ ಬಳಿಯುವುದು ನನ್ನ ಪಾಲಿನ ಕೆಲಸ.

ಜೀಪು ಓಡಿಸಲು ಬರುತ್ತಿತ್ತು. ಟ್ರೇಲರು ಕಟ್ಟಿಕೊಂಡು ಮುಂದಕ್ಕೆ ಹೋಗುವುದನ್ನೂ ಒಂದು ವಾರದಲ್ಲಿ ಕಲಿತೆ. ತಿರುವು ಬಂದರೆ ಅಗಲ ಹಿಡಿದು ಹೋಗಬೇಕು, ಬ್ರೇಕು ಮೆತ್ತಗೆ ಒತ್ತಬೇಕು, ಹಿಂದೆ ನಿಂತಿರುವುದು ಮೂಟೆಯಲ್ಲ ಜೀವ ಎಂಬುದು ಕಾಲಿಗೆ ಗೊತ್ತಿರಬೇಕು. ಹಿಂದಕ್ಕೆ ಹೋಗುವ ವಿದ್ಯೆ ಮಾತ್ರ ಒಲಿಯಲಿಲ್ಲ. ನಾನು ಬಲಕ್ಕೆ ಹೊರಳಿಸಿದರೆ ಅದು ಎಡಕ್ಕೆ ಹೋಗುವುದು, ಎಡಕ್ಕೆ ಹೊರಳಿಸಿದರೆ ಬಲಕ್ಕೆ. ಎರಡು ಮಾರು ಹೋಗುವಷ್ಟರಲ್ಲಿ ಜೀಪು ಟ್ರೇಲರು ಎರಡೂ ಮಡಚಿಕೊಂಡು ಕತ್ತರಿ ಬೀಳುತ್ತಿದ್ದವು. ಮಾವ ಹಿಂದೆ ನಿಂತು ತಗಡು ಬಡಿಯುತ್ತ, "ಥಾಂಬ, ಥಾಂಬ! ಉಲ್ಟಾ ತಿರುವೋ! ನಿನ್ನ ಉಲ್ಟಾ ಅಲ್ಲ, ಅದರ ಉಲ್ಟಾ!" ಎಂದು ಕೂಗುತ್ತಿದ್ದ. ಅದರಿಂದ ಯಾರೂ ಏನೂ ಕಲಿಯಲಾರರು. ಹಿಂದಕ್ಕೆ ಬಿಡುವಾಗೆಲ್ಲ ಕೊನೆಗೆ ಅವನೇ ಸ್ಟೇರಿಂಗ್ ಚಕ್ರದ ಮುಂದೆ ಕೂರುತ್ತಿದ್ದ.

ಮಾರ್ಗಶಿರ ಮಾಸದಲ್ಲಿ ನಾಗಣಸೂರಿನ ಲಗಮವ್ವ ತನ್ನ ಕುದುರೆಯನ್ನು ನಡೆಸಿಕೊಂಡು ಸೊಲ್ಲಾಪುರದ ದನದ ಡಾಕ್ಟರಿಗೆ ತೋರಿಸಲು ಬಂದಳು. ನಾಗಣಸೂರ ಅಕ್ಕಲಕೋಟೆಯ ಆಚೆ, ಗಡಿಗೆ ಹತ್ತಿಕೊಂಡ ಹಳ್ಳಿ. ಲಗಮವ್ವ ಅರವತ್ತು ದಾಟಿದ ಹೆಂಗಸು, ಕುರಿ ಸಾಕುವ ಮನೆತನ. ಆ ಮನೆಯಲ್ಲಿ ತಲೆತಲಾಂತರದಿಂದ ಮೈಲಾರನ ಹೆಸರಿನಲ್ಲಿ ಒಂದು ಬಿಳಿ ಹೆಣ್ಣು ಕುದುರೆ ಇರುತ್ತದೆ. ಅದರ ಬೆನ್ನ ಮೇಲೆ ಮನುಷ್ಯರು ಹತ್ತುವುದಿಲ್ಲ. ಹತ್ತುವವನು ದೇವರೊಬ್ಬನೇ. ಅದನ್ನು ಗಾಡಿಯಲ್ಲಿ ಹೇರುವ ಪ್ರಸಂಗ ಬಂದರೆ ದೇವರು ಕುದುರೆಯ ಬಲಕ್ಕೆ ನಿಂತು ಬರುತ್ತಾನೆ, ಆ ಜಾಗ ಖಾಲಿ ಬಿಡಬೇಕು. ಹತ್ತಿಸುವಾಗಲೂ ಇಳಿಸುವಾಗಲೂ ಮೊದಲು ಅವನ ಬಾಗಿಲು ತೆಗೆಯಬೇಕು. ಇಷ್ಟನ್ನು ಅವಳು ನಮಗೆ ಹೇಳಿದ್ದು ಬಸ್ಸಿನ ಟೈಮು ಹೇಳಿದಷ್ಟು ಸಹಜವಾಗಿ.

ಡಾಕ್ಟರು ನೋಡಿದ. ಹೊಟ್ಟೆಯಲ್ಲಿ ಮರಿ ಚೆನ್ನಾಗಿದೆ, ಶಿವರಾತ್ರಿ ಹೊತ್ತಿಗೆ ಹಾಕುತ್ತದೆ, ಇನ್ನು ದೂರ ನಡೆಸಬೇಡ ಅಂದ. ಅದಕ್ಕೇ ಅವಳು ನಮ್ಮ ಟ್ರೇಲರು ಗೊತ್ತು ಮಾಡಿದಳು. ವಾಪಸು ಹೊರಡುವಾಗ ಲಗಮವ್ವ ಕುದುರೆಯನ್ನು ಎಡಗಡೆಯ ಖಣಕ್ಕೆ ಹತ್ತಿಸಿ, ಬಲಗಡೆಯ ಬಾಗಿಲನ್ನು ತಾನು ನೋಡುತ್ತಿರುವಾಗಲೇ ನನ್ನ ಕೈಯಿಂದ ಮುಚ್ಚಿಸಿದಳು. ಬಾಗಿಲೂ ಚೌಕಟ್ಟೂ ಕೂಡುವ ಸಂದಿಯ ಮೇಲೆ ಭಂಡಾರದಲ್ಲಿ ಅದ್ದಿದ ಅಂಗೈ ಒತ್ತಿದಳು. ಅರಿಸಿನದ ಐದು ಬೆರಳು ಹಸಿರು ತಗಡಿನ ಮೇಲೆ ಮೂಡಿದವು.

ನಾಗಣಸೂರಿನಲ್ಲಿ ಅವಳ ಮನೆಯ ಕಟ್ಟೆಗೆ ಹೋಗಲು ಡಾಂಬರು ರಸ್ತೆಯಿಂದ ಎರಡು ಫರ್ಲಾಂಗು ಓಣಿ. ಗಾಡಿ ಹೊರಳಿಸಲು ಎಲ್ಲಿಯೂ ಜಾಗವಿಲ್ಲ, ರಸ್ತೆಯಿಂದಲೇ ಬೆನ್ನು ಹಿಂದು ಮಾಡಿ ಹೋಗಬೇಕು. ಓಣಿಯ ಬಾಯಲ್ಲಿ ಲಗಮವ್ವ ಇಳಿದಳು. ಕುದುರೆಯ ಕಾಲಿಗೆ ಹಾಕಲು ಬಾವಿಯ ನೀರು ತರಬೇಕಿತ್ತು. "ಬಲಗಡಿ ಬಾಗಲಾ ಮದಲ ತೆಗಿ. ಇಳೀರಿ ಅನ್ನು. ಆಮ್ಯಾಲ ಎಡಗಡೀದು. ಮರೀಬ್ಯಾಡಪಾ" ಅಂದಳು. ಮಾವ ಸಲೀಸಾಗಿ ಟ್ರೇಲರು ಹಿಂದಕ್ಕೆ ಬಿಟ್ಟು ಕಟ್ಟೆಗೆ ಹಚ್ಚಿ, ಬೀಡಿ ಹಚ್ಚಿಕೊಂಡು ಅತ್ತ ಹೋದ.

ಮರೆತೆ ಅಂದರೆ ಸುಳ್ಳಾಗುತ್ತದೆ. ಕಟ್ಟೆಯ ಮೇಲೆ ಏಳೆಂಟು ಮಂದಿ ಕೂತಿದ್ದರು, ನನ್ನ ಓರಗೆಯ ಇಬ್ಬರು ಹುಡುಗಿಯರೂ ಇದ್ದರು. ನಾನು ಪೇಟೆಯವನು, ಅಂಗಿಗೆ ಇಸ್ತ್ರಿ ಹಾಕಿಕೊಂಡವನು. ಖಾಲಿ ಡಬ್ಬಿಯ ಬಾಗಿಲು ತೆಗೆದು ಗಾಳಿಗೆ "ಇಳೀರಿ" ಅನ್ನಲು ನನಗೆ ನಾಚಿಕೆಯಾಯಿತು. ಎಡಗಡೆಯ ಬಾಗಿಲೊಂದನ್ನೇ ತೆಗೆದು ಕುದುರೆಯನ್ನು ಇಳಿಸಿಬಿಟ್ಟೆ. ಅದು ಇಳಿದು ಎರಡು ಹೆಜ್ಜೆ ಇಟ್ಟು, ತಿರುಗಿ, ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಿತು. ಲಗಮವ್ವ ಕೊಡ ಹೊತ್ತುಕೊಂಡು ಬಂದಳು.

"ಇಳೀರಿ ಅಂದೇನಪಾ?"

"ಹೂಂ, ಅಂದೆ" ಅಂದೆ.

ಅವಳು ಕುದುರೆಯ ಕಾಲಿಗೊಂದಿಷ್ಟು ನೀರು ಹಾಕಿ, ಅದರ ಬಲಕ್ಕೆ ಖಾಲಿ ನೆಲಕ್ಕೂ ಒಂದಿಷ್ಟು ಹಾಕಿದಳು. ನಾನು ಮಾವನನ್ನು ಕೂಗಲು ಓಡಿದೆ.

ವಾಪಸು ಬರುವಾಗ ಚಕ್ರ ನನ್ನ ಕೈಯಲ್ಲಿತ್ತು. ಅಕ್ಕಲಕೋಟೆ ದಾಟುವ ಮೊದಲೇ ಏನೋ ಬೇರೆ ಅನಿಸಿತು. ಖಾಲಿ ಟ್ರೇಲರು ಹಗುರಾಗಿ ಕುಣಿಯುತ್ತ ಬರುತ್ತದೆ, ಹೊಂಡದಲ್ಲಿ ಹಾರುತ್ತದೆ. ಅಂದು ಅದು ಕುಣಿಯಲಿಲ್ಲ. ತಿರುವಿನಲ್ಲಿ ಹಿಂದಿನಿಂದ ಒಂದು ಸದ್ದು ಬಂತು, ಟಪ್. ಸ್ವಲ್ಪ ಬಿಟ್ಟು ಇನ್ನೊಂದು. ಗಾಡಿ ವಾಲಿದಾಗ ಕುದುರೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕುವ ಸದ್ದು ಅದು. ನಾನು ಮಾವನ ಮುಖ ನೋಡಿದೆ. ಮಾವ ಎದುರಿನ ರಸ್ತೆ ನೋಡುತ್ತ, "ಅಡ್ಡಹಲಗಿ ಸಡಲ್ಯಾದ" ಅಂದ. ಕೇಳದೆಯೇ ಉತ್ತರ ಬಂದದ್ದು ನನಗೆ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಲಾಯದ ಅಂಗಳದಲ್ಲಿ ನೋಡಿದರೆ ಟ್ರೇಲರು ಬಲಕ್ಕೆ ಎರಡು ಬೆರಳು ವಾಲಿತ್ತು. ಬಲಗಡೆಯ ಗಾಲಿಯ ಭಾರ ಹೊರುವ ಕಮಾನುಪಟ್ಟಿ ಸತ್ತಿದೆ ಎಂದು ಮಾವ ಹೊಸದು ಹಾಕಿಸಿದ. ವಾಲಿದ್ದು ವಾಲಿದಂತೆಯೇ ಇತ್ತು. ನಾಲ್ಕನೇ ದಿನ ಮೆರವಣಿಗೆಯೊಂದಕ್ಕೆ ಹೋಗಲು ನಮ್ಮ ಕೆಂಪು ಕುದುರೆಯನ್ನು ಹತ್ತಿಸಿದೆವು, ಎಡಗಡೆಯ ಖಣಕ್ಕೆ. ಒಂದೇ ಕುದುರೆ ಒಂದು ಮಗ್ಗುಲಿಗೆ ನಿಂತರೆ ಟ್ರೇಲರು ಆ ಮಗ್ಗುಲಿಗೆ ತಗ್ಗಬೇಕು. ತಗ್ಗಲಿಲ್ಲ. ತಕ್ಕಡಿಯ ಎರಡೂ ತಟ್ಟೆ ತುಂಬಿದ ಹಾಗೆ ಸಮವಾಗಿ ನಿಂತಿತು. ಮೇವು ತುಂಬುವ ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ಮಾವ ಅವರಿಗೆ ಬೈದ, ನನಗೆ ಬೈದ, ಕುದುರೆಗೂ ಬೈದ. ದೇವರು ದಿಂಡರು ಎಂದರೆ ನಗುವ ಮನುಷ್ಯ ಅವನು. ಆದರೆ ಅವನೂ ಬಲಗಡೆಯ ಬಾಗಿಲಿಗೆ ಕೈ ಹಚ್ಚಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಆ ಚಳಿಗಾಲದ ಬೆಳಗುಗಳು ಇನ್ನೂ ಕಣ್ಣಿಗೆ ಕಟ್ಟಿವೆ. ಗಿರಣಿಯ ಹೊಗೆ ಮಂಜಿನೊಳಗೆ ಸಿಕ್ಕಿಬಿದ್ದು ರಸ್ತೆಯ ಮೇಲೇ ಕೂತಿರುತ್ತಿತ್ತು. ಎದುರಿನಿಂದ ಟಾಂಗಾ ಬಂದರೆ, ನಮ್ಮ ಟ್ರೇಲರಿನ ಬಲಮಗ್ಗುಲಿಗೆ ಬರುತ್ತಲೇ ಟಾಂಗಾದ ಕುದುರೆ ನಿಂತುಬಿಡುತ್ತಿತ್ತು. ಚಾಟಿ ಹೊಡೆದರೂ ಕದಲುತ್ತಿರಲಿಲ್ಲ. ನಾವು ಪೂರ್ತಿ ದಾಟಿದ ಮೇಲೆಯೇ ಅದು ಕಾಲು ಕೀಳುತ್ತಿತ್ತು. ನನಗೆ ಊಟ ಸೇರದಾಯಿತು. ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಮೊದಲು ಒಪ್ಪಿಕೊಳ್ಳಬೇಕಾದದ್ದು ಆ ಒಂದು ಸುಳ್ಳು.

ಎಂಟನೇ ದಿನ ಲಗಮವ್ವ ಬಸ್ಸಿನಿಂದ ಇಳಿದು ಸೀದಾ ಲಾಯಕ್ಕೆ ಬಂದಳು. ಟ್ರೇಲರಿನ ಹಿಂದೆ ಹೋಗಿ ನಿಂತಳು. ಬಾಗಿಲ ಸಂದಿಯ ಮೇಲೆ ಅವಳ ಅರಿಸಿನದ ಅಂಗೈ ಒಂದು ಚೂರೂ ಒಡೆಯದೆ ಹಾಗೇ ಇತ್ತು. ಅದರ ಮೇಲೆ ತನ್ನ ಕೈಯನ್ನು ಇಟ್ಟು ನೋಡಿದಳು.

"ಐದೂ ಬೆರಳ ಹಂಗೇ ಅದಾವ. ಬಾಗಲಾ ತೆಗದೇ ಇಲ್ಲಪಾ ನೀ."

ನಾನು ತಲೆ ತಗ್ಗಿಸಿದೆ.

"ಯಾಕ ಅನಲಿಲ್ಲ?"

"ನಾಚಿಕಿ ಬಂತು ಅವ್ವಾ. ಮಂದಿ ನೋಡಾಕತ್ತಿದ್ರು."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ನೆಲಕ್ಕೆ ಕೂತು ಎಲೆಯಡಿಕೆಯ ಚೀಲ ಬಿಚ್ಚಿದಳು. "ಕುದುರಿ ಮೇಯಾಕ ಒಲ್ಲದು. ನೀರ ಕುಡೀತದ, ಮೇವು ಮೂಸಿ ನೋಡಿ ಬಿಡತದ. ಸೊಸಿ ಅಂಗೈಯಾಗ ಹಿಡದ್ರ ಎಲ್ಲೋ ನಾಕ ತುತ್ತ. ಹಗಲೆಲ್ಲಾ ರಸ್ತಾದ ಕಡಿ ಮಾರಿ ಮಾಡಿ ನಿಂದರತದ. ಹೊಟ್ಯಾಗ ಮರಿ ಅದ, ಹಿಂಗಾದ್ರ ಎರಡೂ ಹೋಗ್ತಾವ" ಅಂದಳು. ಅವಳ ಧ್ವನಿ ಮಾತ್ರ ಹೇಗಿತ್ತೋ ಹಾಗೇ ಇತ್ತು, ಸುಣ್ಣ ಹಚ್ಚಿದ ಎಲೆಗೇ ಮತ್ತೆ ಮತ್ತೆ ಸುಣ್ಣ ಹಚ್ಚುತ್ತಿದ್ದಳು.

ನಾನು ಎದ್ದು ಬಾಗಿಲಿನ ಅಗುಳಿಗೆ ಕೈ ಹಾಕಿದೆ. "ಇಲ್ಲಿ ಬ್ಯಾಡ!" ಎಂದು ಕೂಗಿದಳು. "ಇಲ್ಲಿ ತೆಗದ್ರ ಇಲ್ಲೇ ಉಳೀತಾನ. ಎಲ್ಲಿ ಇಳಸಬೇಕಿತ್ತೋ ಅಲ್ಲೇ ಇಳಸಬೇಕು. ನಮ್ಮ ಕಟ್ಟಿಗೇ ಹಚ್ಚಬೇಕು. ಮುಚ್ಚಿದ ಕೈಯೇ ತೆಗೀಬೇಕು, ಮುಚ್ಚಿದಾವನೇ ಕರಕೊಂಡ ಬರಬೇಕು."

"ಮಾವ ಬಿಡ್ತಾನಲ್ಲ ಅವ್ವಾ ಗಾಡಿ ಹಿಂದಕ್ಕ…"

"ನಿಮ್ಮ ಮಾವ ಮುಚ್ಯಾನೇನು?"

ಮಾವ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ. ನಗುತ್ತಾನೆ ಅಂದುಕೊಂಡೆ. ಅವನು ಜೀಪಿನ ಕೀಲಿ ತೆಗೆದು ನನ್ನ ಕಡೆ ಎಸೆದ. "ಕಲಿ" ಅಂದ. ಅಷ್ಟೇ.

ಲಾಯದ ಹಿಂದಿನ ಬಯಲಿನಲ್ಲಿ ಸುಣ್ಣದಿಂದ ಎರಡು ಗೆರೆ ಎಳೆದು ಅವುಗಳ ನಡುವೆ ಹಿಂದಕ್ಕೆ ಬಿಡಲು ತೊಡಗಿದೆ. ಮೂರು ಸಲ ಬಿಟ್ಟೆ, ಮೂರು ಸಲವೂ ಕತ್ತರಿ. ಲಗಮವ್ವ ಕಲ್ಲಿನ ಮೇಲೆ ಕೂತು ಎಲೆ ಜಗಿಯುತ್ತ ನೋಡುತ್ತಿದ್ದಳು. ಕೊನೆಗೆ ಎದ್ದು ಬಂದು ಕಿಟಕಿಯ ಹತ್ತಿರ ನಿಂತಳು.

"ನೀ ಗಾಡಿ ಹೊಡ್ಯಾಕತ್ತಿ. ಇದು ಗಾಡಿ ಹೊಡಿಯೂದಲ್ಲ, ಕುರಿ ಹೊಡಿಯೂದು. ಈಗ ಅದು ಮುಂದ, ನೀ ಹಿಂದ. ಹೌದಲ್ಲೋ?"

ಹೌದು. ಹಿಂದಕ್ಕೆ ಬಿಡುವಾಗ ಟ್ರೇಲರೇ ಮುಂದೆ ಹೋಗುತ್ತದೆ, ಜೀಪು ಅದನ್ನು ಅಟ್ಟಿಕೊಂಡು ಹಿಂದೆ ಬರುತ್ತದೆ. ಇಷ್ಟು ದಿನ ನನಗೆ ಇದು ಹೊಳೆದಿರಲಿಲ್ಲ.

"ಕುರಿ ಎಡಕ್ಕ ಹೊಳ್ಳಬೇಕಂದ್ರ ನಾ ಎಲ್ಲಿ ಹೋಗ್ತೀನಿ? ಬಲಕ್ಕ ಹೋಗ್ತೀನಿ. ನಾ ಬಲಕ್ಕ ಬಂದೆ ಅಂದ್ರ ಅವು ತಾವೇ ಎಡಕ್ಕ ಸರೀತಾವ. ಸರದಮ್ಯಾಲ ನಾ ಅಲ್ಲೇ ನಿಂತರ ಗಿರಕಿ ಹೊಡದಬಿಡತಾವ. ಅದಕ್ಕ ಲಗೂನ ಮತ್ತ ಬೆನ್ನ ಹಿಂದ ಬರಬೇಕು. ಒಂದ ಹೆಜ್ಜಿ ಆ ಕಡಿ, ಒಂದ ಹೆಜ್ಜಿ ಈ ಕಡಿ. ಓಡಬಾರದು. ಓಡಿದ್ರ ಹಿಂಡ ಒಡೀತದ."

ಚಕ್ರವನ್ನು ಒಂದು ಹೆಜ್ಜೆಯಷ್ಟೇ ಬಲಕ್ಕೆ ತಿರುಗಿಸಿದೆ. ಟ್ರೇಲರಿನ ಬೆನ್ನು ಮೆಲ್ಲಗೆ ಎಡಕ್ಕೆ ಸರಿಯಿತು. ಕೂಡಲೇ ಎಡಕ್ಕೆ ತಿರುಗಿಸಿ ಅದರ ಬೆನ್ನ ಹಿಂದೆ ಹೋದೆ. ನೆಟ್ಟಗಾಯಿತು. ಹತ್ತು ಮಾರು ಹೋಯಿತು, ಇಪ್ಪತ್ತು ಮಾರು ಹೋಯಿತು. ಮಾವ ನಾಲ್ಕು ತಿಂಗಳು ಕೂಗಿ ಕಲಿಸಲಾರದ್ದನ್ನು ಗಾಡಿಯ ಚಕ್ರವನ್ನೇ ಮುಟ್ಟದ ಹೆಂಗಸು ಎಲೆ ಜಗಿಯುತ್ತ ಕಲಿಸಿದಳು. ಸಂಜೆಯ ಬಸ್ಸಿಗೆ ಅವಳು ಹೊರಟಳು. "ಎಳ್ಳ ಅಮಾಸಿ ಆದ ಮ್ಯಾಲಿನ ಐತವಾರ ಬಾ. ಅಲ್ಲಿತನಕ ನಾ ಅದನ್ನ ಹೆಂಗರ ಹಿಡಕೊಂಡಿರ್ತೀನಿ" ಅಂದಳು. ಹನ್ನೊಂದು ದಿನ ಉಳಿದಿದ್ದವು. ಹನ್ನೊಂದು ದಿನವೂ ಬೆಳಗಿನಿಂದ ಹೊತ್ತು ಮುಳುಗುವ ತನಕ ಆ ಬಯಲಿನಲ್ಲಿ ನಾನು ಕುರಿ ಹೊಡೆದೆ.

ಆ ಐತವಾರ ಮಧ್ಯಾಹ್ನ ನಾಗಣಸೂರಿನ ಓಣಿಯ ಬಾಯಿಗೆ ಬಂದೆವು. ಮೂರು ವಾರದಲ್ಲಿ ಜೋಳ ಆಳೆತ್ತರ ದಾಟಿತ್ತು. ಓಣಿಯ ಎರಡೂ ಬದಿಗೆ ಕಳ್ಳಿಯ ಬೇಲಿ, ಅದರಾಚೆ ಜೋಳ, ಮೇಲೊಂದು ಪಟ್ಟಿಯಷ್ಟು ಆಕಾಶ. ಅಮಾವಾಸ್ಯೆಯ ಪೂಜೆಗೆ ಹೊಲದಲ್ಲಿ ಕಟ್ಟಿದ್ದ ಕಣಿಕೆಯ ಪುಟ್ಟ ಕೊಪ್ಪೆಗಳು ಅಲ್ಲಲ್ಲಿ ಹಾಗೇ ಇದ್ದವು, ಒಳಗೆ ಸುಣ್ಣ ಹಚ್ಚಿದ ಐದೈದು ಕಲ್ಲು ಸಾಲಾಗಿ ಕೂತಿದ್ದವು. ಗಾಳಿ ಇರಲಿಲ್ಲ. ಹಕ್ಕಿ ಹೊಡೆಯುವವರ ಕೂಗು ದೂರದಲ್ಲಿ ಕೇಳುತ್ತಿತ್ತು, ನಾನು ಗೇರು ಹಿಂದಕ್ಕೆ ಹಾಕುತ್ತಲೇ ಅದೂ ನಿಂತಿತು. ಮಾವ ಇಳಿದು ರಸ್ತೆಯಲ್ಲೇ ಉಳಿದ. "ನಾ ಒಳಗ ಬರಂಗಿಲ್ಲ" ಅಂದ. ಅವನ ಮುಖದಲ್ಲಿ ನಗುವಿರಲಿಲ್ಲ.

ಮೊದಲ ಫರ್ಲಾಂಗು ನೆಟ್ಟಗಿತ್ತು. ಕುತ್ತಿಗೆ ಹೊರಗೆ ಚಾಚಿ, ಬಲಗಡೆಯ ಗಾಲಿ ಮತ್ತು ಬೇಲಿಯ ನಡುವಿನ ಒಂದು ಗೇಣು ಜಾಗವನ್ನೇ ನೋಡುತ್ತ ಹೋದೆ. ಒಂದು ಹೆಜ್ಜೆ ಆ ಕಡೆ, ಒಂದು ಹೆಜ್ಜೆ ಈ ಕಡೆ. ಆಮೇಲೆ ತಿರುವು ಬಂತು, ಎಡಕ್ಕೆ. ಎಡಗಡೆ ಏನಿದೆ ಎಂಬುದು ಚಾಲಕನಿಗೆ ಕಾಣುವುದಿಲ್ಲ, ಟ್ರೇಲರಿನ ಮೈಯೇ ಅಡ್ಡ ಬರುತ್ತದೆ. ಕೂಗಿ ಹೇಳಲು ಯಾರೂ ಇರಲಿಲ್ಲ. ಚಕ್ರ ಬಲಕ್ಕೆ ತಿರುಗಿಸಿದೆ. ಎಷ್ಟು ಸರಿಯಿತೋ ತಿಳಿಯದು. ನಿಲ್ಲಿಸಿದೆ.

ಟಪ್.

ಬಲಗಡೆಯ ಖಣದಿಂದ ಬಂತು. ಗಾಡಿ ನಿಂತಿತ್ತು, ಏನೂ ಅಲುಗುವ ಕಾರಣವಿರಲಿಲ್ಲ. ಬಿಟ್ಟು ಓಡಿಹೋಗಬೇಕು ಅನಿಸಿತು, ಜೀಪಿನ ಬಾಗಿಲು ತೆರೆದರೆ ಕಳ್ಳಿಗೆ ಬಡಿಯುತ್ತಿತ್ತು, ಓಡುವುದಕ್ಕೂ ದಾರಿಯಿರಲಿಲ್ಲ. ಇನ್ನೊಂದು ಮಾರು ಹಿಂದಕ್ಕೆ ಬಿಟ್ಟೆ. ಟಪ್, ಟಪ್. ಹಿಂದೆ ನಿಂತ ಕುದುರೆ ಗಾಡಿ ವಾಲುವ ಕಡೆಗೆ ಕಾಲು ಊರುತ್ತದೆ ಎಂಬುದು ನೆನಪಾಯಿತು. ಬಲಕ್ಕೆ ಊರಿತು ಎಂದರೆ ಬಲಗಡೆಯ ಗಾಲಿ ತಗ್ಗಿಗೆ ಇಳಿದಿದೆ, ಎಡಕ್ಕೆ ಇನ್ನೂ ಜಾಗವಿದೆ. ಬಲಕ್ಕೆ ಇನ್ನಷ್ಟು ತಿರುಗಿಸಿದೆ. ಸದ್ದು ನಿಂತಿತು. ಕೂಡಲೇ ಎಡಕ್ಕೆ ತಿರುಗಿಸಿ ಬೆನ್ನ ಹಿಂದೆ ಹೋದೆ. ತಿರುವು ಮುಗಿಯುವ ತನಕ ನಾನು ಕಣ್ಣಿನಿಂದ ಗಾಡಿ ಬಿಡಲಿಲ್ಲ, ಕಿವಿಯ ಮೇಲೆ ಬಿಟ್ಟೆ. ಒಂದು ಕಡೆಯೂ ತಗಡಿಗೆ ಕಳ್ಳಿಯ ಮುಳ್ಳು ತಾಗಲಿಲ್ಲ. ಕಟ್ಟೆಯ ಕಲ್ಲು ಟ್ರೇಲರಿನ ಬೆನ್ನಿಗೆ ಮೆತ್ತಗೆ ಮುಟ್ಟಿತು.

ಕಟ್ಟೆಯ ಮೇಲೆ ಅಂದು ಯಾರೂ ಇರಲಿಲ್ಲ, ಲಗಮವ್ವ ಬರಬೇಡಿರೆಂದು ಹೇಳಿ ಕಳಿಸಿದ್ದಳಂತೆ. ಅವಳೊಬ್ಬಳೇ ಎಡಗಡೆ ಕುದುರೆ ಹಿಡಿದು ನಿಂತಿದ್ದಳು. ಅದರ ಪಕ್ಕೆಲುಬು ಎಣಿಸುವಂತಿತ್ತು, ಹೊಟ್ಟೆ ಮಾತ್ರ ದೊಡ್ಡದು. ನನ್ನನ್ನು ನೋಡಲಿಲ್ಲ, ಬಾಗಿಲನ್ನೇ ನೋಡುತ್ತಿತ್ತು. ನಾನು ಬಲಗಡೆ ಹೋಗಿ ಅರಿಸಿನದ ಅಂಗೈ ಒಡೆಯುವಂತೆ ಬಾಗಿಲು ಎಳೆದೆ.

ಒಳಗಿನಿಂದ ಬೆಚ್ಚಗಿನ ಗಾಳಿ ಮುಖಕ್ಕೆ ಬಂತು. ಬೇವಿನೆಣ್ಣೆ, ಒದ್ದೆ ಹಲಗೆ, ಬೆವರು. ಖಣ ಖಾಲಿ ಇತ್ತು. ಕಾರ್ತೀಕದಲ್ಲಿ ಹೊಸದಾಗಿ ಹಾಕಿ, ಯಾವ ಕುದುರೆಯನ್ನೂ ನಿಲ್ಲಿಸದಿದ್ದ ಹಲಗೆಯ ಮೇಲೆ ನಾಲ್ಕು ಕಡೆ ಗೊರಸಿನಷ್ಟು ಅಗಲಕ್ಕೆ ಸವೆದು ನುಣ್ಣಗಾಗಿತ್ತು.

"ಇಳೀರಿ" ಅಂದೆ. ಇನ್ನೊಮ್ಮೆ ಅಂದೆ, "ಇಳೀರಿ."

ಬಗ್ಗಿ ಗಾಲಿಯ ಮೇಲಿನ ಕಮಾನುಪಟ್ಟಿ ನೋಡಿದೆ. ಭಾರ ಇಳಿದರೆ ಅದು ಮೇಲೇಳಬೇಕು. ಏಳಲಿಲ್ಲ. ಕಾದೆ. ಮೂರನೇ ಸಲ ಕೈ ಮುಗಿದು ಬೇಡಿಕೊಂಡೆ. ಎರಡು ಬೆರಳು ವಾಲಿದ್ದು ಎರಡು ಬೆರಳು ವಾಲಿಯೇ ಇತ್ತು. ಅವನು ಇಳಿಯಲಿಲ್ಲ. ಅವನನ್ನು ಇಳಿಸಬೇಕಾಗಿದ್ದ ಹೊತ್ತು ಮೂರು ವಾರದ ಹಿಂದೆಯೇ ಮೀರಿತ್ತು.

ಆಚೆ ಮಗ್ಗುಲಿನಿಂದ ಲಗಮವ್ವ ಕೇಳಿದಳು, "ಇಳದ್ರೇನಪಾ?"

ಕುದುರೆಯ ಎರಡೂ ಕಿವಿ ನನ್ನ ಕಡೆಗೆ ತಿರುಗಿದವು.

"ಇಳದ್ರು" ಅಂದೆ.

ಒಂದು ಗಳಿಗೆ ಅವಳು ನನ್ನನ್ನು ನೋಡಿದಳು. ಆಮೇಲೆ "ಹೂಂ" ಎಂದು ಜೋರಾಗಿ ಅಂದು, ಭಂಡಾರವನ್ನು ಕಟ್ಟೆಯ ಮೇಲೆ ಚೆಲ್ಲಿ, ಕುದುರೆಯ ಬಲಕ್ಕೆ ಖಾಲಿ ನೆಲಕ್ಕೆ ಒಂದು ತಂಬಿಗೆ ನೀರು ಹಾಕಿದಳು. ಕುದುರೆ ದೊಡ್ಡದೊಂದು ಉಸಿರು ಬಿಟ್ಟಿತು. ತಲೆ ತಗ್ಗಿಸಿ ಮುಂದಿದ್ದ ಮೇವಿನ ಬುಟ್ಟಿಗೆ ಬಾಯಿ ಹಾಕಿತು. ಅದು ಮೇವು ಅಗಿಯುವ ಸದ್ದು ಆ ಓಣಿಯ ತುಂಬ ಕೇಳುತ್ತಿತ್ತು. ಲಗಮವ್ವ ಅದರ ಕುತ್ತಿಗೆಗೆ ಹಣೆ ಹಚ್ಚಿ ಅತ್ತಳು. ನಾನು ಬಾಗಿಲು ಮುಚ್ಚಿ ಹೊರಟೆ. ರಸ್ತೆಯಲ್ಲಿ ಮಾವ ಬೀಡಿ ಸೇದುತ್ತಲೇ ಹತ್ತಿಕೊಂಡ. ಅಕ್ಕಲಕೋಟೆಯ ತಿರುವಿನಲ್ಲಿ ಹಿಂದಿನಿಂದ ಟಪ್ ಎಂದು ಸದ್ದು ಬಂದಾಗ ಅವನು ಬೀಡಿ ಆರಿಸಿದ.

ಶಿವರಾತ್ರಿ ಮುಗಿದು ಐದನೇ ದಿನ, ಕಣಿಕೆ ತರಲು ಒಬ್ಬನೇ ಟ್ರೇಲರು ತೆಗೆದುಕೊಂಡು ನಾಗಣಸೂರಿಗೆ ಹೋದೆ. ಜೋಳ ಕೊಯ್ದಿದ್ದರು. ಕಣ್ಣೆತ್ತಿದಷ್ಟು ದೂರ ಕರಿನೆಲ, ಆ ಓಣಿಯೂ ಬರೀ ಓಣಿಯಾಗಿತ್ತು. ಸಲೀಸಾಗಿ ಹಿಂದಕ್ಕೆ ಬಿಟ್ಟು ಕಟ್ಟೆಗೆ ಹಚ್ಚಿದೆ. ಕುದುರೆಯ ಪಕ್ಕದಲ್ಲಿ ಮೂರು ದಿನದ ಮರಿ ಕಾಲು ಅಗಲಿಸಿಕೊಂಡು ನಿಂತಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ. ಲಗಮವ್ವನ ಮುಂದೆ ಕೂತು, "ಅವ್ವಾ, ಅವತ್ತೂ ಸುಳ್ಳ ಹೇಳಿದೆ. ಅವ ಇಳೀಲಿಲ್ಲ. ಇನ್ನೂ ಗಾಡ್ಯಾಗೇ ಅದಾನ" ಅಂದೆ.

"ಗೊತ್ತದ" ಅಂದಳು.

ನಾನು ಅವಳ ಮುಖ ನೋಡಿದೆ.

"ಗಾಡಿ ವಾಲಿದ್ದು ವಾಲೇ ಇತ್ತು. ನನಗೂ ಕಣ್ಣ ಅದಾವ."

"ಮತ್ತ ಹೂಂ ಅಂದಿ?"

"ನಿನ್ನ ಸಲುವಾಗಿ ಅನಲಿಲ್ಲಪಾ. ಕುದುರಿ ಕೇಳಾಕತ್ತಿತ್ತು." ಅವಳು ಮರಿಯ ಬೆನ್ನು ಸವರಿದಳು. "ಅವಂಗೇನ, ದೇವರು. ಎಷ್ಟ ದಿನ ನಿಂತರೂ ನಿಂದರತಾನ. ಇದು ಬಸುರಿ. ಇದಕ್ಕ ಅವತ್ತು ಆ ಮಾತ ಬೇಕಾಗಿತ್ತು. ನೀ ಹೇಳಿದಿ, ನಾ ಹೂಂ ಅಂದೆ. ಇಬ್ಬರ ಪಾಪ, ಅರ್ಧ ಅರ್ಧ."

"ಇನ್ನ ಮುಂದ ನಾ ಏನ ಮಾಡ್ಲಿ?"

"ಎಲ್ಲಿ ಗಾಡಿ ನಿಂದರಸ್ತೀ ಅಲ್ಲಿ ಬಾಗಲಾ ತೆಗಿ. ಇಳೀರಿ ಅನ್ನು. ಅವಂಗ ಯಾವಾಗ ಮನಸ ಬರತದ ಅವಾಗ ಇಳೀತಾನ. ಕೇಳೂದ ಮಾತ್ರ ಬಿಡಬ್ಯಾಡ. ಮಂದಿ ಇದ್ರೂ ಬಿಡಬ್ಯಾಡ."

ಕಣಿಕೆಯನ್ನು ಎಡಗಡೆಯ ಖಣಕ್ಕೆ ಮಾತ್ರ ತುಂಬಿಕೊಂಡು ಹೊರಟೆ. ಹೊತ್ತು ಮುಳುಗುವ ಮೊದಲೇ ಸೊಲ್ಲಾಪುರ ಮುಟ್ಟಿದೆ. ಲಾಯದ ಅಂಗಳದಲ್ಲಿ ಮಾವ, ಮೂವರು ಆಳುಗಳು, ಮರುದಿನದ ಮದುವೆಗೆ ಕುದುರೆ ಗೊತ್ತು ಮಾಡಲು ಬಂದ ಬೀಗರ ಕಡೆಯ ಐದಾರು ಮಂದಿ, ಎಲ್ಲ ನಿಂತಿದ್ದರು. ಟ್ರೇಲರನ್ನು ಒಂದೇ ಏಟಿಗೆ ಹಿಂದಕ್ಕೆ ಬಿಟ್ಟು ಕಟ್ಟೆಗೆ ಹಚ್ಚಿದೆ. ಇಳಿದು ಹಿಂದೆ ಹೋದೆ. ಬಲಗಡೆಯ ಬಾಗಿಲನ್ನು ಪೂರ್ತಿ ತೆಗೆದೆ. ಎಲ್ಲರೂ ಖಾಲಿ ಖಣವನ್ನೂ ನನ್ನನ್ನೂ ನೋಡಿದರು. ಕಿವಿ ಬಿಸಿಯಾದವು, ಆದರೂ ಗಟ್ಟಿಯಾಗಿ, ಅಂಗಳದ ಆ ತುದಿಗೂ ಕೇಳುವಂತೆ ಅಂದೆ:

"ಇಳೀರಿ."

ಬೀಗರಲ್ಲಿ ಒಬ್ಬ ನಗಲು ಬಾಯಿ ತೆರೆದ. ಅಷ್ಟರಲ್ಲಿ ನನ್ನ ಗುರಪ್ಪಮಾವ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಾಗಿಲ ಎದುರಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.